ಗೌರಿಗೆ ಕೊಟ್ಟ ಸೂಜಿ, ನನ್ನ ಹೊಟ್ಟೆನೋವು, ಅಜ್ಜಿಯ ಎಡಗಣ್ಣು

ಹೋದ ತಿಂಗಳು ಊರಿಗೆ ಹೋಗಿದ್ದೆ, ಚನ್ನರಾಯಪಟ್ಟಣದ ಹತ್ರ. ಚಿಕ್ಕಪ್ಪನ ಎಚ್‌ಎಫ್ ಹಸು ಗೌರಿ ಕರು ಹಾಕಿ ಐದು ತಿಂಗಳಾದ್ರೂ ಬೆದೆಗೆ ಬಂದಿಲ್ಲ ಅಂತ ದನದ ಡಾಕ್ಟ್ರನ್ನ ಕರೆಸಿದ್ರು. ಅವರು ಭುಜದವರೆಗೂ ಪ್ಲಾಸ್ಟಿಕ್ ಗ್ಲೌಸ್ ಏರಿಸ್ಕೊಂಡು, ಒಳಗೆ ಕೈ ಹಾಕಿ ಕಣ್ಮುಚ್ಚಿ ತಡಕಾಡಿ, ಗಬ್ಬ ಇಲ್ಲ ಅಂತ ಗ್ಯಾರಂಟಿ ಮಾಡ್ಕೊಂಡು, ಒಂದು ಪುಟ್ಟ ಬಾಟ್ಲಿಯಿಂದ ಸಿರಿಂಜಿಗೆ ಔಷಧಿ ಎಳೆದ್ರು. ನಾನು ಸಹಾಯ ಮಾಡೋಣ ಅಂತ ಬಾಟ್ಲಿಗೆ ಕೈ ಚಾಚಿದ್ರೆ "ನೀವು ಮುಟ್ಬೇಡಿ ಮೇಡಂ, ಹೆಣ್ಮಕ್ಕಳು ಮುಟ್ಟೋದಲ್ಲ ಅದು" ಅಂದ್ಬಿಟ್ರು.

ನನಗೆ ಉರಿದೋಯ್ತು. ಆವತ್ತು ನನ್ನ ಎರಡನೇ ದಿನ ಬೇರೆ, ಸೊಂಟ ಕಿತ್ತು ಬರ್ತಿದೆ, ಅದರ ಮೇಲೆ ಇವರದೂ ಮಡಿ ಮೈಲಿಗೆ ಶುರುವಾಯ್ತಾ ಅಂತ. ಆಮೇಲೆ ದೂರದಿಂದಲೇ ಲೇಬಲ್ ಓದಿದೆ: ಕ್ಲೋಪ್ರೋಸ್ಟೆನಾಲ್. ಬಯೋಕೆಮಿಸ್ಟ್ರಿ ಓದಿದೋಳು ನಾನು, ನಾಚಿಕೆ ಆಯ್ತು, ಯಾಕಂದ್ರೆ ಡಾಕ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ. ಅದು ಚರ್ಮದ ಮೂಲಕ ಒಳಗೆ ಹೋಗುತ್ತೆ, ಬಸುರಿ ಹೆಂಗಸರ ಕೈಗೆ ತಗುಲಿದ್ರೆ ಗರ್ಭಕ್ಕೇ ಅಪಾಯ, ಆಸ್ತಮಾ ಇರೋರಿಗೆ ಉಸಿರು ಕಟ್ಟಬಹುದು.

ಆ ಸೂಜಿಲಿದ್ದಿದ್ದು ಪ್ರೋಸ್ಟಾಗ್ಲಾಂಡಿನ್ ಎಫ್-2-ಆಲ್ಫಾ ಅನ್ನೋದರ ಲ್ಯಾಬಲ್ಲಿ ತಿದ್ದಿದ ರೂಪ. ತಮಾಷೆ ಏನಂದ್ರೆ ಅದೇ ಹೊತ್ತಲ್ಲಿ ಅದೇ ಎಫ್-2-ಆಲ್ಫಾ ನನ್ನ ಹೊಟ್ಟೆಲೂ ಕೆಲಸ ಮಾಡ್ತಿತ್ತು.

ಇದು ಕೊಬ್ಬಿನಿಂದ ಆಗೋ ವಸ್ತು. ಕೊಬ್ಬು ಅಂದ ತಕ್ಷಣ ತುಪ್ಪ, ಕೊಲೆಸ್ಟರಾಲ್ ಅಂತ ಯೋಚನೆ ಮಾಡ್ತೀವಿ, ಆದ್ರೆ ಪ್ರತಿ ಜೀವಕೋಶದ ಹೊರಪೊರೆಲೂ ಅರಾಕಿಡೋನಿಕ್ ಆಸಿಡ್ ಅಂತ 20 ಕಾರ್ಬನ್‌ನ ಒಂದು ಕೊಬ್ಬಿನಾಮ್ಲ ಸೇರ್ಕೊಂಡಿರುತ್ತೆ, ಬೇಕಾದಾಗ ಅದನ್ನ ಕತ್ತರಿಸಿ ಅಲ್ಲೇ ಪ್ರೋಸ್ಟಾಗ್ಲಾಂಡಿನ್ ಮಾಡ್ಕೊಳ್ಳೋದು, ಅಕ್ಕಪಕ್ಕದವರಿಗೆ ಸುದ್ದಿ ಮುಟ್ಟಿಸೋದು, ಮುಗೀತು. ರಕ್ತಕ್ಕೆ ಸೇರಿ ಶ್ವಾಸಕೋಶ ಒಂದು ಸಲ ದಾಟೋದ್ರೊಳಗೆ ಬಹುಪಾಲು ನಾಶ. ಸುದ್ದಿ ಕೇಳಿಸ್ಕೊಳ್ಳೋ ಕಿವಿನೇ ರಿಸೆಪ್ಟರ್, ಎಫ್-2-ಆಲ್ಫಾದ್ದಕ್ಕೆ ಎಫ್‌ಪಿ ಅಂತ ಹೆಸರು. ಬೀಗ-ಕೀಲಿಕೈ ಹೋಲಿಕೆ ಎಲ್ಲರೂ ಕೊಡ್ತಾರೆ, ನನಗೆ ಅದಕ್ಕಿಂತ ನಮ್ಮೂರ ಹಾಲಿನ ವ್ಯಾನಿನ ಹಾರ್ನೇ ವಾಸಿ. ಹಾರ್ನ್ ಒಂದೇ, ಒಬ್ಬರು ಕ್ಯಾನ್ ಎತ್ಕೊಂಡು ಓಡ್ತಾರೆ, ಇನ್ನೊಬ್ಬರು ಕರೀತಿರೋ ಕೈ ಜೋರು ಮಾಡ್ತಾರೆ, ಹಾಲೇ ಹಾಕದ ಮನೆಯವರು ಹೊದ್ದು ಮಲಗಿರ್ತಾರೆ.

ಹಸು ಗಬ್ಬ ನಿಲ್ಲಲಿಲ್ಲ ಅಂದ್ರೆ ಸುಮಾರು 16-17ನೇ ದಿನಕ್ಕೆ ಅದರ ಗರ್ಭಕೋಶವೇ ಎಫ್-2-ಆಲ್ಫಾ ಬಿಡುತ್ತೆ. ಅಂಡಾಶಯದಲ್ಲಿ ಕಾರ್ಪಸ್ ಲೂಟಿಯಂ ಅಂತ ಒಂದು ಗಂಟು ಪ್ರೊಜೆಸ್ಟರಾನ್ ಅನ್ನೋ ಗಬ್ಬ ಕಾಯೋ ಹಾರ್ಮೋನ್ ಬಿಡ್ತಾ ಕೂತಿರುತ್ತಲ್ಲ, ಈ ಸುದ್ದಿ ಬಂದ ಮೇಲೆ ಅದು ಕರಗುತ್ತೆ, ಪ್ರೊಜೆಸ್ಟರಾನ್ ಇಳಿಯುತ್ತೆ, ಹಸು ಬೆದೆಗೆ ಬರುತ್ತೆ. ಗೌರಿಯಲ್ಲಿ ಗಂಟು ಕರಗದೆ ಕೂತಿತ್ತು, ಡಾಕ್ಟ್ರು ಹೊರಗಿಂದ ಹಾರ್ನ್ ಹೊಡೆದ್ರು ಅಷ್ಟೇ. ಅವರು ಅಷ್ಟೊತ್ತು ತಡಕಾಡಿದ್ದು ಅದಕ್ಕೇ, ಗಂಟು ಇಲ್ದಿದ್ರೆ ಸೂಜಿ ದಂಡ, ಗಬ್ಬ ಇದ್ದಿದ್ರೆ ಕಂದು ಹಾಕ್ಬಿಡ್ತಿತ್ತು. ಮೂರನೇ ದಿನ ಬೆಳಗ್ಗೆ ಬಾಲದ ಕೆಳಗೆ ಗಾಜಿನ ಎಳೆ ತರ ಲೋಳೆ, ಒಂದೇ ಸಮ ಕೂಗು, ಚಿಕ್ಕಪ್ಪ ಕಾಫಿ ಬಿಟ್ಟು ಫೋನಿಗೆ ಓಡಿದ್ರು.

ನನ್ನಲ್ಲಿ ಅದೇ ಹಾರ್ನಿಗೆ ಗರ್ಭಕೋಶದ ಸ್ನಾಯು ಬಟ್ಟೆ ಹಿಂಡಿದ ಹಾಗೆ ಹಿಂಡ್ಕೊಳ್ಳುತ್ತೆ, ರಕ್ತನಾಳಗಳೂ ಬಿಗಿಯಾಗ್ತವೆ, ಅದೇ ಆ ನೋವು. ಮುಟ್ಟಿನ ಸ್ರಾವದಲ್ಲಿ ಸ್ನಾಯು ಹಿಂಡಿಸೋ ವಸ್ತು ಇದೆ ಅಂತ ಇಂಗ್ಲೆಂಡಿನ ಪಿಕಲ್ಸ್ ಅನ್ನೋ ವಿಜ್ಞಾನಿ 1957ರಲ್ಲೇ ಬರೆದಿದ್ರು. 1957! ನಾನು ಪಿಯುಸಿಲಿ ಒದ್ದಾಡ್ತಾ ಮಲಗಿದ್ದಾಗ ನಮ್ಮ ದೊಡ್ಡಮ್ಮ "ಎಲ್ಲ ಮನಸ್ಸಿಂದು ಕಣೇ, ಮದ್ವೆ ಆದ್ರೆ ಸರಿಹೋಗುತ್ತೆ" ಅಂದಿದ್ರು, ದೊಡ್ಡಮ್ಮ ಬಿಡಿ, ಒಬ್ಬ ಡಾಕ್ಟ್ರೂ ಹೆಚ್ಚುಕಮ್ಮಿ ಅದನ್ನೇ ಇಂಗ್ಲಿಷಲ್ಲಿ ಹೇಳಿದ್ರು, ಆ ಸಿಟ್ಟು ಇನ್ನೂ ಹೋಗಿಲ್ಲ ನನಗೆ.

ನಾವು ನುಂಗೋ ಮೆಫೆನಾಮಿಕ್ ಆಸಿಡ್ ಮಾತ್ರೆ ಹಾರ್ನ್ ಮಾಡೋ ಕಾರ್ಖಾನೆಯನ್ನೇ ಮುಚ್ಚಿಸುತ್ತೆ, ಅಂದ್ರೆ ಕಾಕ್ಸ್ ಅನ್ನೋ ಎಂಜೈಮನ್ನ. ಆಸ್ಪಿರಿನ್ ಕೆಲಸ ಮಾಡೋದೂ ಹೀಗೇ ಅಂತ ಜಾನ್ ವೇನ್ 1971ರಲ್ಲಿ ತೋರಿಸಿದ್ರು, 1982ರಲ್ಲಿ ಬರ್ಗ್‌ಸ್ಟ್ರೋಮ್, ಸ್ಯಾಮುಯೆಲ್ಸನ್ ಜೊತೆ ನೊಬೆಲ್ ಸಿಕ್ತು. ಆಗಲೇ ತಯಾರಾಗಿ ಹೊರಟುಹೋದ ಮಾಲನ್ನ ಮಾತ್ರೆ ವಾಪಸ್ ಕರೆಯಲ್ಲ, ಅದಕ್ಕೇ ನೋವು ತಾರಕಕ್ಕೆ ಹೋದ ಮೇಲೆ ನುಂಗಿದ್ರೆ ಅಷ್ಟಕ್ಕಷ್ಟೇ. ಹಾಗಂತ ಪೆಪ್ಪರ್‌ಮಿಂಟ್ ತರ ತಿನ್ನೋದಲ್ಲ. ಹೊಟ್ಟೆ ಒಳಪದರವನ್ನ ಆಸಿಡ್‌ನಿಂದ ಕಾಯೋದೂ ಇನ್ನೊಂದು ಪ್ರೋಸ್ಟಾಗ್ಲಾಂಡಿನ್ನೇ, ಕಾರ್ಖಾನೆ ಮುಚ್ಚಿದ್ರೆ ಅದೂ ಬಂದ್, ಉರಿ ಶುರು. 2023ರ ಕೊನೇಲಿ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಈ ಮಾತ್ರೆಯಿಂದ ಅಪರೂಪಕ್ಕೆ ಡ್ರೆಸ್ ಸಿಂಡ್ರೋಮ್ ಅಂತ ತೀವ್ರ ಅಲರ್ಜಿ ಆಗಬಹುದು ಅಂತ ಎಚ್ಚರಿಕೆನೂ ಕೊಟ್ಟಿತ್ತು.

ಈಗ ಅಜ್ಜಿ. ಅಜ್ಜಿಗೆ ಎಡಗಣ್ಣಲ್ಲಿ ಗ್ಲಾಕೋಮಾ, ಅಂದ್ರೆ ಸಾಮಾನ್ಯವಾಗಿ ಕಣ್ಣೊಳಗಿನ ಪ್ರೆಷರ್ ಏರಿ ನರ ಹಾಳಾಗೋ ಕಾಯಿಲೆ, ಅದಕ್ಕೆ ರಾತ್ರಿ ಮಲಗೋ ಮುಂಚೆ ಒಂದು ತೊಟ್ಟು ಲ್ಯಾಟನೋಪ್ರೋಸ್ಟ್. ಹೊಸ ಬಾಟ್ಲಿ ಫ್ರಿಜ್ ಬಾಗಿಲಲ್ಲಿ, ಹೂವಿನ ಪೊಟ್ಟಣದ ಪಕ್ಕ ಇರುತ್ತೆ. ಈ ಲ್ಯಾಟನೋಪ್ರೋಸ್ಟೂ ಎಫ್-2-ಆಲ್ಫಾದ ತಿದ್ದಿದ ರೂಪನೇ, ಹೋಗಿ ಮುಟ್ಟೋದೂ ಅದೇ ಎಫ್‌ಪಿ ರಿಸೆಪ್ಟರನ್ನೇ! ಅಂದ್ರೆ ಒಂದೇ ಮನೇಲಿ ಮೊಮ್ಮಗಳು ಹಾರ್ನ್ ನಿಲ್ಲಿಸೋಕೆ ಮಾತ್ರೆ ನುಂಗ್ತಾಳೆ, ಅಜ್ಜಿ ಅದೇ ಹಾರ್ನ್ ಹೊಡೆಸೋಕೆ ಡ್ರಾಪ್ಸ್ ಹಾಕಿಸ್ಕೋತಾಳೆ. ಮೊದಲೆಲ್ಲ ಪ್ರೋಸ್ಟಾಗ್ಲಾಂಡಿನ್ ಕಣ್ಣಿನ ಪ್ರೆಷರ್ ಏರಿಸುತ್ತೆ ಅಂತಲೇ ನಂಬಿದ್ರು, ಮೊಲದ ಕಣ್ಣಿಗೆ ಜಾಸ್ತಿ ಹಾಕಿ ನೋಡಿದ್ರೆ ಹಾಗೇ ಆಗ್ತಿತ್ತು ಕೂಡ. 1977ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ಯೂನಿವರ್ಸಿಟಿಲಿ ಕ್ಯಾಮ್ರಸ್, ಲಾಸ್ಲೋ ಬಿಟೋ ಮತ್ತೆ ಅವರ ಜೊತೆಯವರು ಕಮ್ಮಿ ಡೋಸ್ ಹಾಕಿದ್ರೆ ಪ್ರೆಷರ್ ಇಳಿಯುತ್ತೆ ಅಂತ ತೋರಿಸಿದ್ರು, ಒಳಗಿನ ದ್ರವ ಸುಲಭವಾಗಿ ಹೊರಗೆ ಹರಿದುಹೋಗುತ್ತೆ. ಅಮೆರಿಕದಲ್ಲಿ ಈ ಡ್ರಾಪ್ಸ್‌ಗೆ ಅನುಮತಿ ಸಿಕ್ಕಿದ್ದು 1996ರಲ್ಲಿ.

ಕಣ್ಣಿನ ಡಾಕ್ಟ್ರು ಹೇಳದೇ ಬಿಟ್ಟಿದ್ದ ಒಂದು ವಿಷಯ ಇದೆ, ಈ ಡ್ರಾಪ್ಸ್‌ಗೆ ರೆಪ್ಪೆಗೂದಲು ಬೆಳೆಯುತ್ತೆ. ಅಜ್ಜಿಗೆ 78, ಬಲಗಣ್ಣಲ್ಲಿ ನಾಲ್ಕು ಬಿಳಿ ಕೂದಲು, ಎಡಗಣ್ಣಲ್ಲಿ ಕಪ್ಪಗೆ, ಉದ್ದುದ್ದ, ತುದಿ ಮೇಲಕ್ಕೆ ಬಾಗಿರೋ ರೆಪ್ಪೆ. ನಾನು ಇದನ್ನೆಲ್ಲ ವಿವರಿಸಿ, ಗೌರಿಗೆ ಕೊಟ್ಟಿದ್ದೂ ನಿನ್ನ ಕಣ್ಣಿಗೆ ಹಾಕೋದೂ ಒಂದೇ ಜಾತಿ ಕಣಜ್ಜಿ ಅಂದೆ. ಅಜ್ಜಿ ಕೈಗನ್ನಡಿ ಕೆಳಗಿಡಲೇ ಇಲ್ಲ.

"ಅದ್ಯಾಕೆ ಸುಮ್ನೆ, ಈ ಕಣ್ಗೂ ಒಂದ್ ತೊಟ್ಟು ಬಿಡೇ."