ಲಾಸ್ ಏಂಜಲೀಸ್‌ನಲ್ಲಿ ಕಾರಿಲ್ಲದೆ

ಲಾಸ್ ಏಂಜಲೀಸ್‌ನಲ್ಲಿ ಯಾರೂ ನಡೆಯುವುದಿಲ್ಲ ಎಂಬ ಮಾತನ್ನು ಆ ಊರಿಗೆ ಹೋಗುವ ಮೊದಲೇ ಹಲವರ ಬಾಯಲ್ಲಿ ಕೇಳಿದ್ದೆ. ಅಲ್ಲಿದ್ದಷ್ಟು ಕಾಲ ನನ್ನ ಬಳಿ ಕಾರಿರಲಿಲ್ಲ. ಬಸ್ಸು, ಮೆಟ್ರೋ ಮತ್ತು ಕಾಲುಗಳನ್ನೇ ನಂಬಿ ಓಡಾಡಿದ ಮೇಲೆ ಆ ಮಾತು ಅರ್ಧ ಸುಳ್ಳೆಂದೂ, ನಿಜವಾಗಿರುವ ಅರ್ಧಕ್ಕೆ ಜನ ಕೊಡುವ ಕಾರಣ ಸರಿಯಲ್ಲವೆಂದೂ ಅನ್ನಿಸಿದೆ. ನಗರ ತೀರಾ ಹರಡಿಕೊಂಡಿರುವುದರಿಂದ ದೂರಗಳು ಹೆಚ್ಚು, ಹಾಗಾಗಿ ನಡೆಯಲಾಗದು ಎಂಬುದು ಎಲ್ಲರೂ ಕೊಡುವ ವಿವರಣೆ. ನಾನು ಕಂಡಂತೆ, ಕಣ್ಣೆದುರಿಗೇ ಇರುವ ಜಾಗವನ್ನು ತಲುಪುವುದು ಕೂಡ ಕಷ್ಟವಾಗುವಂತೆ ಆ ರಸ್ತೆಗಳನ್ನು ಕಟ್ಟಿರುವುದೇ ಅಲ್ಲಿನ ತೊಡಕು.

ಹರಡಿಕೊಂಡಿದೆ ಎಂಬುದೇನೋ ಹೌದು. ನಗರದ ವಿಸ್ತೀರ್ಣ ಸುಮಾರು 1,200 ಚದರ ಕಿಲೋಮೀಟರ್, ಜನಸಂಖ್ಯೆ 39 ಲಕ್ಷದ ಆಸುಪಾಸು. ಅದನ್ನು ಒಳಗೊಂಡ ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕದಲ್ಲಿ, ಒಟ್ಟು 88 ನಗರಗಳಿವೆ. ಆದರೆ 2010ರ ಜನಗಣತಿಯ ಪ್ರಕಾರ ಅಮೆರಿಕದ ನಗರಪ್ರದೇಶಗಳಲ್ಲೆಲ್ಲ ಅತಿ ಹೆಚ್ಚು ಜನಸಾಂದ್ರತೆ ಇದ್ದದ್ದು ಲಾಸ್ ಏಂಜಲೀಸ್ ಪ್ರದೇಶದಲ್ಲಿಯೇ: ಉಪನಗರಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ ಚದರ ಮೈಲಿಗೆ ಸುಮಾರು 7,000 ಜನ, ನ್ಯೂಯಾರ್ಕ್ ಪ್ರದೇಶದಲ್ಲಿ ಸುಮಾರು 5,300. ನ್ಯೂಯಾರ್ಕಿನ ನಟ್ಟನಡುವೆ ಜನ ಕಿಕ್ಕಿರಿದಿದ್ದು ಅಂಚುಗಳಲ್ಲಿ ತೀರಾ ತೆಳ್ಳಗಾಗುತ್ತಾರೆ. ಇಲ್ಲಿ ಎಲ್ಲೆಡೆಯೂ ಒಂದು ಮಟ್ಟದ ಒತ್ತು ಇದೆ. ನಡೆಯುವವರ ದೃಷ್ಟಿಯಿಂದ ಇದರ ಅರ್ಥವಿಷ್ಟೇ: ಅಂಗಡಿ, ಶಾಲೆ, ಬಸ್ ನಿಲ್ದಾಣ, ಊಟದ ಜಾಗ ಇವೆಲ್ಲ ಬಹುತೇಕ ಕಡೆ ನಡೆದುಹೋಗುವಷ್ಟು ಹತ್ತಿರದಲ್ಲೇ ಇರುತ್ತವೆ.

ಈ ನಗರ ಹೀಗೆ ಹರಡಿದ್ದು ಕಾರಿನಿಂದ ಎಂದು ನಂಬಿದವರಿಗೆ ಇನ್ನೊಂದು ಸಂಗತಿ ಹೇಳಬೇಕು. ಹೆನ್ರಿ ಹಂಟಿಂಗ್‌ಟನ್ 1901ರಲ್ಲಿ ಶುರುಮಾಡಿದ ಪೆಸಿಫಿಕ್ ಎಲೆಕ್ಟ್ರಿಕ್ ಟ್ರಾಮ್ ಜಾಲ ತನ್ನ ಉಚ್ಛ್ರಾಯದಲ್ಲಿ ಸಾವಿರ ಮೈಲಿಗೂ ಹೆಚ್ಚು ಹಳಿ ಹೊಂದಿತ್ತು, ಮತ್ತು ಕಿತ್ತಳೆ ತೋಟಗಳ ನಡುವೆ ದೂರದೂರಕ್ಕೆ ಬಡಾವಣೆಗಳು ಎದ್ದದ್ದು ಆ ಹಳಿಗಳ ಗುಂಟ. ಟ್ರಾಮ್ ಇಳಿದವರು ಮನೆಗೆ ನಡೆದೇ ಹೋಗಬೇಕಿದ್ದ ಕಾರಣ ಆ ಕಾಲದ ಬಡಾವಣೆಗಳಲ್ಲಿ ಬ್ಲಾಕ್‌ಗಳು ಚಿಕ್ಕವು, ಫುಟ್‌ಪಾತ್ ಎರಡೂ ಬದಿಗೆ ಇದೆ; ಸಿಲ್ವರ್ ಲೇಕ್, ಎಕೋ ಪಾರ್ಕ್‌ಗಳಂಥ ಗುಡ್ಡದ ಬಡಾವಣೆಗಳಲ್ಲಿ ಮನೆಮನೆಗಳ ನಡುವೆ ಏರಿಹೋಗುವ ಸಾರ್ವಜನಿಕ ಮೆಟ್ಟಿಲುಗಳು ಇಂದಿಗೂ ಉಳಿದಿವೆ. ಜಾಲದ ಕೊನೆಯ ಮಾರ್ಗ 1961ರಲ್ಲಿ ನಿಂತಿತು, ನಡಿಗೆಗಾಗಿ ಹೊಲಿದ ಬಡಾವಣೆಗಳು ಉಳಿದವು. ಈಗ ಕಾಲಿಗೆ ಹಿತವಾಗಿರುವ ಜಾಗಗಳಲ್ಲಿ ಹೆಚ್ಚಿನವು ಆ ಕಾಲದವೇ.

ಹಾಗಿದ್ದರೆ ತೊಡಕು ಎಲ್ಲಿದೆ ಎಂಬುದನ್ನು ವಿಲ್‌ಷೈರ್ ಬುಲೆವಾರ್ಡ್ ಚೆನ್ನಾಗಿ ತೋರಿಸಿಕೊಡುತ್ತದೆ. ಪೇಟೆಯ ನಡುವಿನಿಂದ ಸಾಂಟಾ ಮೋನಿಕಾದ ಕಡಲತೀರದವರೆಗೆ ಸುಮಾರು 25 ಕಿಲೋಮೀಟರ್ ಸಾಗುವ ಈ ರಸ್ತೆಯನ್ನು ತುಂಡುತುಂಡಾಗಿ ನಾನು ಪೂರ್ತಿ ನಡೆದಿದ್ದೇನೆ. ಮೆಕಾರ್ಥರ್ ಪಾರ್ಕಿನ ಬಳಿ ಫುಟ್‌ಪಾತ್ ಮೇಲೆ ಹಣ್ಣು, ಬಟ್ಟೆ, ಫೋನ್ ಕವರು ಮಾರುವವರ ಸಾಲು ಇದ್ದು, ಭುಜಕ್ಕೆ ಭುಜ ತಾಗಿಸಿಕೊಂಡೇ ಸಾಗಬೇಕು. ಅದರಾಚೆಯ ಕೊರಿಯಾಟೌನ್‌ನಲ್ಲಿ ರಾತ್ರಿ ಹೊತ್ತಾದರೂ ಜನ ಓಡಾಡುತ್ತಿರುತ್ತಾರೆ. ಇನ್ನೂ ಪಶ್ಚಿಮಕ್ಕೆ ಹೋದರೆ ಮಿರಾಕಲ್ ಮೈಲ್ ಬರುತ್ತದೆ. 1920ರ ದಶಕದಲ್ಲಿ ಕಾರಿನ ಗಿರಾಕಿಗಳಿಗೆಂದೇ ಬೆಳೆಸಿದ ಈ ವ್ಯಾಪಾರದ ಸಾಲಿನಲ್ಲಿ ಅಂಗಡಿಗಳ ಪ್ರದರ್ಶನದ ಕಿಟಕಿಗಳು ಓಡುವ ಕಾರಿನಿಂದಲೇ ಕಾಣಬೇಕೆಂಬ ಲೆಕ್ಕಾಚಾರವಿತ್ತು, ಪಾರ್ಕಿಂಗ್ ಜಾಗ ಹಿಂಬದಿಗಿತ್ತು. ಹಾಗಾಗಿ ಅಲ್ಲಿ ಕಟ್ಟಡಗಳ ಮುಖ ಇನ್ನೂ ಫುಟ್‌ಪಾತಿಗೆ ತಾಗಿಕೊಂಡಿದ್ದು, ನಡೆಯುವವರಿಗೂ ಅದು ತಕ್ಕಮಟ್ಟಿಗೆ ಒಗ್ಗುತ್ತದೆ. ಕಾರಿಗಾಗಿ ಕಟ್ಟಿದ ಮೊದಲ ತಲೆಮಾರಿನ ಜಾಗಗಳು ನಂತರದವುಗಳಿಗಿಂತ ಎಷ್ಟೋ ವಾಸಿ ಎಂಬುದು ನನಗೆ ಅಲ್ಲಿ ಹೊಳೆದದ್ದು. ವೆಸ್ಟ್‌ವುಡ್ ದಾಟಿ 405 ಎಂಬ ಫ್ರೀವೇ (ಸಿಗ್ನಲ್‌ಗಳಿಲ್ಲದ ವೇಗದ ಹೆದ್ದಾರಿ) ಸಮೀಪಿಸುವಾಗ ಮಾತ್ರ ಎಲ್ಲವೂ ಬದಲಾಗುತ್ತದೆ. ಫ್ರೀವೇಗೆ ಏರುವ ಮತ್ತು ಅದರಿಂದ ಇಳಿಯುವ ರ್‍ಯಾಂಪ್‌ಗಳು ಫುಟ್‌ಪಾತನ್ನು ಅಡ್ಡ ಕತ್ತರಿಸುತ್ತವೆ, ಏರುವ ಚಾಲಕರು ಆಗಲೇ ಫ್ರೀವೇಯ ವೇಗದ ಮನಸ್ಥಿತಿಯಲ್ಲಿರುತ್ತಾರೆ, ಮತ್ತು ಕತ್ತು ತಿರುಗಿಸಿ ಹಿಂದೆ ನೋಡುತ್ತಲೇ ದಾಟಬೇಕಾಗುತ್ತದೆ. ಆ ತುಣುಕು ಉದ್ದವೇನಲ್ಲ. ಆದರೂ ವೆಸ್ಟ್‌ವುಡ್‌ನಿಂದ ಬ್ರೆಂಟ್‌ವುಡ್‌ಗೆ ನಡೆದುಹೋಗುವ ವಿಚಾರವನ್ನು ಕೈಬಿಡಲು ಅಷ್ಟು ಸಾಕು.

ಅಂಥ ರ್‍ಯಾಂಪ್ ಇಲ್ಲದ ಕಡೆಯೂ ದೊಡ್ಡ ರಸ್ತೆ ದಾಟುವುದೆಂದರೆ ಒಂದು ಕೆಲಸವೇ. ಕಂಬದ ಗುಂಡಿ ಒತ್ತಬೇಕು. ಒತ್ತದಿದ್ದರೆ ಎಷ್ಟೋ ಕಡೆ ಕಾರುಗಳಿಗೆ ಹಸಿರು ಬಂದರೂ ನಡೆಯುವವನ ಬಿಳಿ ದೀಪ ಬರುವುದೇ ಇಲ್ಲ. ಒತ್ತಿದ ಮೇಲೂ ಮುಂದಿನ ಸರದಿಯವರೆಗೆ ಕಾಯಬೇಕು. ದೀಪ ಬಂದು ಕಾಲಿಡುವಷ್ಟರಲ್ಲಿ ಎಡಗಡೆಯಿಂದ ಬಂದ ಕಾರು ಜೀಬ್ರಾ ಪಟ್ಟೆಯ ಮೇಲೆಯೇ ನಿಂತಿರುತ್ತದೆ, ಏಕೆಂದರೆ ವಾಹನಗಳು ರಸ್ತೆಯ ಬಲಬದಿಯಲ್ಲಿ ಸಾಗುವ ಕ್ಯಾಲಿಫೋರ್ನಿಯಾದಲ್ಲಿ ಕೆಂಪು ದೀಪವಿದ್ದಾಗಲೂ ನಿಂತು ನೋಡಿ ಬಲಕ್ಕೆ ತಿರುಗಲು ಅನುಮತಿಯಿದ್ದು, ಹಾಗೆ ತಿರುಗಲು ಹೊರಟ ಚಾಲಕನ ಕಣ್ಣು ತನ್ನ ಎಡಗಡೆಯಿಂದ ಬರುವ ಕಾರುಗಳ ಮೇಲಿರುತ್ತದೆಯೇ ಹೊರತು ತನ್ನ ಬಲಪಕ್ಕದಲ್ಲಿ ನಿಂತ ಮನುಷ್ಯನ ಮೇಲಲ್ಲ. ಇನ್ನು ಸಮಯದ ಲೆಕ್ಕ: ಅಮೆರಿಕದ ಸಿಗ್ನಲ್ ಕೈಪಿಡಿ ಸಾಮಾನ್ಯವಾಗಿ ಸೆಕೆಂಡಿಗೆ 3.5 ಅಡಿಯ ನಡಿಗೆಯನ್ನು ಹಿಡಿಯುತ್ತದೆ. ಏಳು ಲೇನ್‌ಗಳ, ಸುಮಾರು 80 ಅಡಿಯ ರಸ್ತೆಗೆ ಹೀಗೆ 23 ಸೆಕೆಂಡು ಸಿಗುತ್ತದೆ. ನನಗೆ ಅದು ಸಾಕಾಗುತ್ತಿತ್ತು. ಕೋಲು ಹಿಡಿದ ಹಿರಿಯರು ಸಿಗ್ನಲ್‌ನಲ್ಲಿ ಇಳಿಯುತ್ತ ಹೋಗುವ ಸೆಕೆಂಡಿನ ಅಂಕಿಗಳು ಮುಗಿಯುವ ಹೊತ್ತಿಗೆ ಕೊನೆಯ ಲೇನಿನಲ್ಲೇ ಇರುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ.

ಎರಡು ಸಿಗ್ನಲ್‌ಗಳ ನಡುವೆ ಪಟ್ಟೆಯಿಲ್ಲದ ಕಡೆ ದಾಟುವುದು ಹಲವು ದಶಕಗಳ ಕಾಲ ಇಲ್ಲಿ ಅಪರಾಧವೇ ಆಗಿತ್ತು. ಪಾದಚಾರಿಗಳನ್ನು ಗುರುತುಹಾಕಿದ ಪಟ್ಟೆಗಳಿಗೆ ಕಟ್ಟಿಹಾಕಿದ ಲಾಸ್ ಏಂಜಲೀಸ್‌ನ 1925ರ ಸಂಚಾರ ನಿಯಮ ಅಮೆರಿಕದ ಬೇರೆ ನಗರಗಳಿಗೂ ಮಾದರಿಯಾಯಿತು. 2018ಕ್ಕೆ ಮೊದಲು, ಸೆಕೆಂಡುಗಳ ಇಳಿಕೆ ಶುರುವಾದ ಮೇಲೆ ರಸ್ತೆಗಿಳಿದರೆ, ಆ ಸಮಯದೊಳಗೆ ಆರಾಮವಾಗಿ ದಾಟಿ ಮುಗಿಸಿದರೂ ದಂಡ ಹಾಕಬಹುದಿತ್ತು. 2023ರ ಜನವರಿ 1ರಿಂದ ಜಾರಿಗೆ ಬಂದ ರಾಜ್ಯದ ಕಾನೂನಿನ ಪ್ರಕಾರ, ಡಿಕ್ಕಿಯ ತಕ್ಷಣದ ಅಪಾಯವಿಲ್ಲದಿದ್ದರೆ ಎಲ್ಲಿ ದಾಟಿದರೂ ಪೊಲೀಸರು ತಡೆಯುವಂತಿಲ್ಲ. ಇದು ಸ್ವಾಗತಾರ್ಹವೇ, ಆದರೆ ಎರಡು ಸಿಗ್ನಲ್‌ಗಳ ನಡುವೆ ಅರ್ಧ ಕಿಲೋಮೀಟರ್ ಅಂತರವಿಟ್ಟು ನಡುವೆ ದಾಟಲು ಅನುಮತಿ ಕೊಡುವುದಕ್ಕಿಂತ ನಡುವೆ ಇನ್ನೊಂದು ಸಿಗ್ನಲ್ ಹಾಕುವುದು ಮೇಲೆಂದು ನನ್ನ ಅಭಿಪ್ರಾಯ.

ಫುಟ್‌ಪಾತಿನ ಸ್ಥಿತಿಯ ಬಗ್ಗೆ ಒಂದಿಷ್ಟು ಹೇಳಲೇಬೇಕು. ನಗರದ ಹಳೆಯ ಬೀದಿಗಳಲ್ಲಿ ಸಾಲಾಗಿ ನೆಟ್ಟಿರುವ ಫೈಕಸ್ ಮರಗಳು ಆಲದ ಜಾತಿಗೆ ಸೇರಿದವು, ಬೇರುಗಳೂ ಹಾಗೆಯೇ. ಕಾಂಕ್ರೀಟಿನ ಒಂದು ಚಪ್ಪಡಿ ಮಂಡಿಯ ಅರ್ಧದವರೆಗೆ ಮೇಲೆದ್ದು, ಪಕ್ಕದ್ದು ಓರೆಯಾಗಿ, ನಡುವಿನ ಬಿರುಕಿಗೆ ಯಾರೋ ಕರಿಯ ಡಾಂಬರನ್ನು ಇಳಿಜಾರಾಗಿ ಮೆತ್ತಿ, ಆ ಡಾಂಬರನ್ನೂ ಬೇರು ಮತ್ತೆ ಸೀಳಿರುವ ದೃಶ್ಯ ಅಲ್ಲಿ ಅಪರೂಪವಲ್ಲ. ಕಾಲು ಗಟ್ಟಿಯಿರುವವರು ಹತ್ತಿ ಇಳಿಯುತ್ತಾರೆ. ಗಾಲಿಕುರ್ಚಿಯವರು ಬೇರೆ ದಾರಿಯಿಲ್ಲದೆ ರಸ್ತೆಗಿಳಿದು ಕಾರುಗಳ ಪಕ್ಕದಲ್ಲಿ ಸಾಗುತ್ತಾರೆ. ಬೇರಿನಿಂದ ಹಾಳಾದದ್ದನ್ನು ಸರಿಪಡಿಸುವ ಹೊಣೆಯನ್ನು 1970ರ ದಶಕದಲ್ಲಿ ನಗರ ತಾನೇ ಹೊತ್ತುಕೊಂಡಿತ್ತು, ಆಮೇಲೆ ಅದಕ್ಕೆ ಹಣವೊದಗದೆ ಕೆಲಸ ನೆನೆಗುದಿಗೆ ಬಿತ್ತು. ಅಂಗವಿಕಲರು ಹೂಡಿದ ಮೊಕದ್ದಮೆ 2016ರಲ್ಲಿ ರಾಜಿಯಲ್ಲಿ ಮುಗಿದಾಗ, 30 ವರ್ಷಗಳಲ್ಲಿ ಸುಮಾರು 140 ಕೋಟಿ ಡಾಲರ್ ಖರ್ಚುಮಾಡಲು ನಗರ ಒಪ್ಪಿಕೊಳ್ಳಬೇಕಾಯಿತು. ಹಾಗೆಂದು ಮರ ಕಡಿಯುವುದೂ ಪರಿಹಾರವಲ್ಲ, ಏಕೆಂದರೆ ಆ ಊರಿನ ಬಿಸಿಲಿನಲ್ಲಿ ನೆರಳು ಕೊಡುವುದು ಈ ಫೈಕಸ್‌ಗಳೇ. ಚಿತ್ರಗಳಲ್ಲಿ ನಗರದ ಗುರುತಾಗಿರುವ ಎತ್ತರದ ತಾಳೆಯ ಜಾತಿಯ ಮರಗಳು ಕೊಡುವ ನೆರಳು ಒಬ್ಬ ಮನುಷ್ಯನಿಗೂ ಸಾಲದು. 2023ರಲ್ಲಿ ನೆರಳಿಲ್ಲದ ಬಸ್ ನಿಲ್ದಾಣಗಳಿಗೆಂದು ‘ಲಾ ಸಾಂಬ್ರಿಟಾ’ ಎಂಬ ಸಣ್ಣ ಲೋಹದ ಜಾಲರಿಯನ್ನು ಕಂಬಕ್ಕೆ ತಗುಲಿಸಿ ಪ್ರಯೋಗ ಮಾಡಲು ಹೋಗಿ ಊರೆಲ್ಲ ನಗುವಂತಾಯಿತು. ಫುಟ್‌ಪಾತಿನಲ್ಲಿ ನಿಜವಾದ ಚಪ್ಪರ ಹಾಕಲು ಅಲ್ಲಿ ಎಷ್ಟು ಇಲಾಖೆಗಳ ಒಪ್ಪಿಗೆ ಬೇಕೆಂದು ತಿಳಿದವರು ಅಷ್ಟಾಗಿ ನಗಲಿಲ್ಲ.

ಪಾರ್ಕಿಂಗಿನ ಮಾತು ಇದಕ್ಕಿಂತ ದೊಡ್ಡದು. ಕೌಂಟಿಯ ನಗರಗಳ ನೆಲದಲ್ಲಿ ಶೇಕಡಾ 14ರಷ್ಟು ಬರೀ ಪಾರ್ಕಿಂಗಿಗೆ ಹೋಗಿದೆಯೆಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಪ್ರತಿ ಕಟ್ಟಡಕ್ಕೂ ಇಷ್ಟು ಕಾರುಗಳ ಜಾಗ ಇರಲೇಬೇಕೆಂಬ ನಿಯಮ ಇದಕ್ಕೆ ಕಾರಣ ಎಂದು ಅಲ್ಲಿನ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ ದಶಕಗಳ ಕಾಲ ವಾದಿಸಿದರು. 2023ರಿಂದ ರಾಜ್ಯದ ಕಾನೂನು ಪ್ರಮುಖ ಸಾರಿಗೆ ನಿಲ್ದಾಣಗಳ ಬಳಿ ಆ ಕಡ್ಡಾಯವನ್ನು ಬಹುಮಟ್ಟಿಗೆ ಕೈಬಿಟ್ಟಿದೆ. ನಡೆಯುವವನ ಅನುಭವಕ್ಕೆ ಇದು ಬರುವುದು ಹೀಗೆ: ಅಂಗಡಿ ಕಾಣುತ್ತದೆ, ಆದರೆ ಅದರ ಬಾಗಿಲಿಗೂ ಫುಟ್‌ಪಾತಿಗೂ ನಡುವೆ ಬಿಸಿಲು ಕಾಯುವ ಡಾಂಬರಿನ ಬಯಲೊಂದಿರುತ್ತದೆ, ಮತ್ತು ಪ್ರತಿ ಅಂಗಡಿಗೂ ಬೇರೆ ಬೇರೆ ಪ್ರವೇಶವಿರುವುದರಿಂದ ನೂರು ಹೆಜ್ಜೆಯೊಳಗೆ ನಾಲ್ಕಾರು ಕಡೆ ಕಾರುಗಳು ಫುಟ್‌ಪಾತನ್ನು ದಾಟಿಕೊಂಡು ಒಳಬರುತ್ತಿರುತ್ತವೆ.

ನಡೆಯಲು ಎಷ್ಟು ಅನುಕೂಲವೆಂದು ನೋಡಿ ನಗರಗಳಿಗೆ ನೂರಕ್ಕೆ ಇಷ್ಟೆಂದು ಅಂಕ ಕೊಡುವ ವಾಕ್ ಸ್ಕೋರ್ ಎಂಬ ಜಾಲತಾಣ ಈ ಊರಿಗೆ ಎಪ್ಪತ್ತರ ಹತ್ತಿರದ ಅಂಕ ಕೊಡುತ್ತದೆ. ಅದು ಮುಖ್ಯವಾಗಿ ಅಳೆಯುವುದು ಅಂಗಡಿ, ಶಾಲೆ, ಉದ್ಯಾನಗಳು ಎಷ್ಟು ದೂರದಲ್ಲಿವೆ ಎಂಬುದನ್ನು. ನಾನು ಇಷ್ಟು ಹೊತ್ತು ಹೇಳಿದ ಬೇರು, ರ್‍ಯಾಂಪ್, 23 ಸೆಕೆಂಡು, ನೆರಳು ಯಾವುದೂ ಅದರ ತಕ್ಕಡಿಗೆ ಬರುವುದಿಲ್ಲ.

ನಡೆಯುವವರು ಯಾರು ಎಂಬ ಪ್ರಶ್ನೆ ಕಡೆಗೆ ಉಳಿಯುತ್ತದೆ. ಮೆಟ್ಟಿಲುಗಳಲ್ಲಿ ವ್ಯಾಯಾಮಕ್ಕಾಗಿ ಏರುವವರು ಒಂದು ಬಗೆ. ಬೆಳಗಿನ ಜಾವ ಕೆಲಸಕ್ಕೆ ಬಸ್ಸು ಹಿಡಿಯಲು ಅಗಲವಾದ ರಸ್ತೆ ದಾಟುವವರು ಇನ್ನೊಂದು ಬಗೆ, ಮತ್ತು ಹಾನಿ ಬೀಳುವುದು ಈ ಎರಡನೆಯವರ ಮೇಲೆ. ರಸ್ತೆ ಸಾವುಗಳನ್ನು 2025ರೊಳಗೆ ಸೊನ್ನೆಗಿಳಿಸುತ್ತೇವೆಂದು ನಗರ 2015ರಲ್ಲಿ ಘೋಷಿಸಿತ್ತು. 2022 ಮತ್ತು 2023ರಲ್ಲಿ ವರ್ಷಕ್ಕೆ 300ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಅರ್ಧದಷ್ಟು ಮಂದಿ ನಡೆಯುತ್ತಿದ್ದವರು. ಮತದಾರರು ತಾಳ್ಮೆ ಕಳೆದುಕೊಂಡದ್ದರ ಫಲವೇ 2024ರ ಮಾರ್ಚ್‌ನಲ್ಲಿ ಗೆದ್ದ ‘ಮೆಷರ್ ಎಚ್‌ಎಲ್‌ಎ’ ಎಂಬ, ಜನರ ಮತಕ್ಕೆ ಹಾಕಿದ ಪ್ರಸ್ತಾವ: ಮೈಲಿಯ ಎಂಟನೇ ಒಂದು ಭಾಗಕ್ಕಿಂತ ಉದ್ದದ ರಸ್ತೆಗೆ ಹೊಸದಾಗಿ ಡಾಂಬರು ಹಾಕುವಾಗಲೆಲ್ಲ, ಆ ರಸ್ತೆಗೆಂದು ನಗರವೇ ಹಿಂದೆ ಒಪ್ಪಿಕೊಂಡಿದ್ದ ಯೋಜನೆಯ ಸುಧಾರಣೆಗಳನ್ನೂ ಮಾಡಲೇಬೇಕು, ಮಾಡದಿದ್ದರೆ ನಾಗರಿಕರು ನ್ಯಾಯಾಲಯಕ್ಕೆ ಹೋಗಬಹುದು.

ಕಾರಿಲ್ಲದೆ ಅಲ್ಲಿ ನೆಲೆಸಲು ಹೊರಟವರು ಬಾಡಿಗೆ ಮನೆ ಗೊತ್ತುಮಾಡುವ ಮುನ್ನ ಅಂಕಗಳನ್ನು ಬದಿಗಿಟ್ಟು, ಕೊರಿಯಾಟೌನ್, ಸಾಂಟಾ ಮೋನಿಕಾ, ಪಸಡೀನಾದ ಹಳೆಯ ಪೇಟೆ ಇಂಥ ಕಡೆಗಳಿಂದ ಹುಡುಕಾಟ ಶುರುಮಾಡುವುದು ಒಳ್ಳೆಯದು. ಮನೆಯಿಂದ ಬಸ್ ನಿಲ್ದಾಣಕ್ಕೆ ಮಧ್ಯಾಹ್ನದ ಬಿಸಿಲಲ್ಲೊಮ್ಮೆ, ಕತ್ತಲಾದ ಮೇಲೊಮ್ಮೆ ನಡೆದು ನೋಡಿ. ದಾರಿಯಲ್ಲಿ ಫ್ರೀವೇಯ ರ್‍ಯಾಂಪ್ ಒಂದೇ ಒಂದು ಅಡ್ಡಬಂದರೂ ಬೇರೆ ಮನೆ ಹುಡುಕಿ.