ಐದು ಹಿಡ್ಕೊಂಡಿವೆಯಲ್ಲ, ಸಾಕು ಬಿಡಿ

ಮೊನ್ನೆ ಬಲಗಡೆ ಮುಂಚಕ್ರ ಕಳಚಿ, ಒಳಗಿನ ಪ್ಲಾಸ್ಟಿಕ್ ಲೈನರ್ ತೆಗೆದು ಟಾರ್ಚ್ ಬಿಟ್ಟಾಗ ಕಂಡದ್ದು ಇಷ್ಟೇ. ಹೊಗೆ ಹೊರಗೆ ಒಯ್ಯುವ ಮ್ಯಾನಿಫೋಲ್ಡನ್ನು ಎಂಜಿನ್ನಿಗೆ ಹಿಡಿಯುವ ಆರು ಬೋಲ್ಟುಗಳಲ್ಲಿ, ಎಂಟನೇ ಸಿಲಿಂಡರಿನ ಹಿಂದಿನದರ ತಲೆ ಇರಬೇಕಾದ ಜಾಗದಲ್ಲಿ ಬರೀ ತೂತು. ಅದರ ಪಕ್ಕದಲ್ಲಿ, ಸಿಲಿಂಡರುಗಳನ್ನು ಮುಚ್ಚುವ ಅಲ್ಯೂಮಿನಿಯಂ ಹೆಡ್ಡಿನ ಮೇಲೆ, ನಾಲಿಗೆ ಚಾಚಿದ ಹಾಗೆ ಕಪ್ಪು ಮಸಿ. ಗಾಡಿಯ ಮಾಲೀಕರು ಬಗ್ಗಿ ನೋಡಿದರು, ಉಳಿದವನ್ನು ಬೆರಳು ಮಡಚಿ ಎಣಿಸಿದರು. “ಐದು ಹಿಡ್ಕೊಂಡಿವೆಯಲ್ಲ, ಸಾಕು ಬಿಡಿ. ಹೆಡರ್ ಯಾವತ್ತು ಹಾಕೋಣ?”

ಹೆಡರ್ ಅಂದರೆ ಮ್ಯಾನಿಫೋಲ್ಡಿನ ಬದಲು ಹಾಕುವ ಪೈಪುಗಳ ಗೊಂಚಲು. ಅದು ಕೂರುವುದೂ ಅದೇ ಆರು ತೂತುಗಳ ಮೇಲೆ ತಾನೆ! ಮುರಿದ ಬೋಲ್ಟಿನ ಮೋಟು ಒಳಗೇ ಕೂತಿರುವಾಗ ಆರನೆಯದನ್ನು ಎಲ್ಲಿಗೆ ತಿರುಗಿಸೋದು? ಈ ಪ್ರಶ್ನೆ ಅವರಿಗೆ ಹೊಳೆಯಲೇ ಇಲ್ಲ. ಒಳ್ಳೆಯ ಮನುಷ್ಯ. ಗಾಡಿಗೆ ಮೇಣ ತಿಕ್ಕೋದರಲ್ಲಿ, ಟೈರಿನ ಗಾಳಿ ನೋಡೋದರಲ್ಲಿ ಅವರನ್ನು ಮೀರಿಸೋರಿಲ್ಲ. ಆದರೆ ಕಣ್ಣಿಗೆ ಬೀಳದ ಭಾಗಕ್ಕೆ ಅವರ ಲೆಕ್ಕದಲ್ಲಿ ಜಾಗವೇ ಇಲ್ಲ.

ಗಾಡಿ ಬಂದದ್ದು ಸದ್ದಿನ ದೂರಿನಿಂದ. ಬೆಳಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಟಿಕ್, ಹತ್ತು ನಿಮಿಷ ಓಡಿಸಿದರೆ ಮಾಯ. ಮೊದಲು ನೋಡಿದವರು ವಾಲ್ವ್ ಎತ್ತುವ ಲಿಫ್ಟರ್ ಅಂದಿದ್ದರು, ಆಯಿಲ್ ಬದಲಿಸಿ ಕಳಿಸಿದ್ದರು. ಅವರದ್ದು ಪೂರ್ತಿ ತಪ್ಪಲ್ಲ. ಹಗುರ ಓಟದಲ್ಲಿ ಪೆಟ್ರೋಲ್ ಉಳಿಸಲು ನಾಲ್ಕು ಸಿಲಿಂಡರ್ ಮಲಗಿಸುವ ಎಂಜಿನ್ನುಗಳಲ್ಲಿ ಲಿಫ್ಟರ್ ಕೆಡುವುದುಂಟು. ಆದರೆ ಬಿಸಿಯಾದಂತೆ ಕರಗಿಹೋಗುವ ಸದ್ದು ಸಾಮಾನ್ಯವಾಗಿ ಮ್ಯಾನಿಫೋಲ್ಡಿನದ್ದು. ಕಬ್ಬಿಣ ಕಾದು ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ, ಅಷ್ಟೇ. ಒಂದು ಮೀಟರ್ ರಬ್ಬರ್ ಹೋಸಿನ ಒಂದು ತುದಿ ಕಿವಿಗಿಟ್ಟು ಇನ್ನೊಂದು ತುದಿಯನ್ನು ಹೆಡ್ಡಿನ ಉದ್ದಕ್ಕೂ ಸರಿಸಿದರೆ ಎರಡೇ ನಿಮಿಷದಲ್ಲಿ ಜಾಗ ಸಿಗುತ್ತದೆ.

ಹಿಂದಿನ ಬೋಲ್ಟೇ ಯಾಕೆ ಮುರಿಯುತ್ತದೆ? ಅಲ್ಯೂಮಿನಿಯಂ ಹೆಡ್ಡು ಬಿಸಿಗೆ ಹಿಗ್ಗುವ ಪ್ರಮಾಣ ಎರಕದ ಕಬ್ಬಿಣದ ಸುಮಾರು ಎರಡರಷ್ಟು. ಇತ್ತ ಕಬ್ಬಿಣದ ಮ್ಯಾನಿಫೋಲ್ಡು ಹೆಡ್ಡಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಎರಡೂ ಒಂದೇ ಲಯದಲ್ಲಿ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಆರು ಬೋಲ್ಟಿನಿಂದ ಕಟ್ಟಿಹಾಕಿದ ಪಟ್ಟಿ ನಡುವಿನಿಂದ ಎರಡೂ ಕಡೆಗೆ ಎಳೆಯುತ್ತದೆ, ಹೆಚ್ಚಿನ ಎಳೆತ ತುದಿಯ ಬೋಲ್ಟುಗಳಿಗೆ. ಹಿಂದಿನ ತುದಿ ಕ್ಯಾಬಿನ್ನಿನ ಮುಂದಿನ ಗೋಡೆಯಾದ ಫೈರ್‌ವಾಲ್‌ಗೆ ಅಂಟಿಕೊಂಡಂತಿರುವುದರಿಂದ ಅಲ್ಲಿ ಗಾಳಿಯೂ ಆಡುವುದಿಲ್ಲ. ಸಾವಿರಾರು ಸಲ ಕಾದು ಆರಿ ಒಂದು ದಿನ ಟಕ್ ಅಂತ ತಲೆ ಹಾರುತ್ತದೆ, ಒಳಗಿದ್ದವರಿಗೆ ಕೇಳಿಸುವುದೂ ಇಲ್ಲ. ಮುಂದಿನ ಎಳೆತ ಐದನೆಯದಕ್ಕೆ. “ಐದು ಹಿಡ್ಕೊಂಡಿವೆ” ಅನ್ನೋದು ನಿಜ, ಇವತ್ತಿನ ಮಟ್ಟಿಗೆ.

ಹೆಡರ್ ಆಯ್ಕೆಯಲ್ಲೂ ಅದೇ ಚಾಳಿ. ಅವರ ಮನಸ್ಸಿನಲ್ಲಿದ್ದದ್ದು 1⅞ ಇಂಚು ಪೈಪಿನ ಲಾಂಗ್ ಟ್ಯೂಬ್, ಅಂದರೆ ಉದ್ದ ಪೈಪುಗಳ ಹೆಡರ್. ದೊಡ್ಡ ಗಾಡಿ, ದೊಡ್ಡ ಪೈಪು! ಎರಡೂವರೆ ಟನ್ ತೂಕ, ಒಳಗಿನದ್ದು ಜನರಲ್ ಮೋಟರ್ಸಿನ ಎಲ್‌ಎಸ್ ಕುಟುಂಬದ 5.3 ಲೀಟರ್ ವಿ8, ವಾಲ್ವ್ ತೆರೆಯುವ ಕ್ಯಾಮು ಕಂಪನಿಯದ್ದೇ. ಇಂಥ ಗಾಡಿ ಬದುಕುವುದು 1500ರಿಂದ 3500 ಆರ್‌ಪಿಎಂ ನಡುವೆ. ಅಲ್ಲಿ ಹೊಗೆಯ ವೇಗ ಮುಖ್ಯ. ನೀರಿನ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ಧಾರೆ ಚಿಮ್ಮುವುದಿಲ್ಲವೇ, ಹಾಗೆ. ಪೈಪು ಅಗಲವಾದಷ್ಟೂ ಹೊಗೆ ನಿಧಾನ. ಒಂದು ಸಿಲಿಂಡರಿನ ಹೊಗೆ ಮುಂದಿನದರ ಹೊಗೆಯನ್ನು ಸೆಳೆದು ಎಳೆಯುವ ಗುಣ ಕೆಳಗಿನ ಆರ್‌ಪಿಎಂನಲ್ಲಿ ಸೊರಗುತ್ತದೆ. 1⅞ ಇಂಚು ಹೊಂದುವುದು 6 ಲೀಟರ್ ದಾಟಿದ, ಕ್ಯಾಮು ಬದಲಿಸಿದ, ಮೇಲಿನ ಆರ್‌ಪಿಎಂನಲ್ಲಿ ಓಡುವ ಎಂಜಿನ್ನಿಗೆ. ಇದಕ್ಕೆ 1⅝ ಅಥವಾ 1¾. ಭಾರ ಎಳೆಯುವುದೇ ಹೆಚ್ಚಾದರೆ 1⅝ರ ಕಡೆಗೇ ನನ್ನ ಒಲವು.

ಹೆಡರಿನ ಪೈಪು ಗಿಡ್ಡ (ಶಾರ್ಟಿ), ಮಧ್ಯಮ (ಮಿಡ್), ಉದ್ದ (ಲಾಂಗ್) ಅನ್ನುವ ಜಗಳಕ್ಕೆ ಉತ್ತರ ಸಿಲಿಂಡರುಗಳು ಸಿಡಿಯುವ ಸರದಿ, ಅಂದರೆ ಎಂಜಿನ್ನಿನ ಫೈರಿಂಗ್ ಆರ್ಡರಿನಲ್ಲಿದೆ: 1-8-7-2-6-5-4-3. ಸಮ ಸಂಖ್ಯೆಗಳೆಲ್ಲ ಬಲಗಡೆ, ಬೆಸ ಎಡಗಡೆ. ಬಲಗಡೆ 2 ಮತ್ತು 6 ಬೆನ್ನು ಬೆನ್ನಿಗೇ ಸಿಡಿಯುತ್ತವೆ, ಎಡಗಡೆ 3 ಮತ್ತು 1. ಗಿಡ್ಡ ಮ್ಯಾನಿಫೋಲ್ಡಿನಲ್ಲಿ ಆರರ ಹೊಗೆ ಹೊರಬರುವಾಗ ಎರಡರ ಹೊಗೆ ಇನ್ನೂ ಬಾಗಿಲಲ್ಲೇ ನಿಂತಿರುತ್ತದೆ. ಲಾಂಗ್ ಟ್ಯೂಬಿನಲ್ಲಿ ಪ್ರತಿಯೊಂದಕ್ಕೂ ಬೇರೆ ದಾರಿ, ಸೇರುವುದು ಕೆಳಗೆ ಕಲೆಕ್ಟರಿನಲ್ಲಿ. ಲಾಭ ಸಿಗುವುದು ಅಲ್ಲಿ. ಶಾರ್ಟಿಯ ಅನುಕೂಲ ಬೇರೆ: ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಹಳೆಯ ಪೈಪು, ಸೆನ್ಸರುಗಳು ಎಲ್ಲ ಇದ್ದಲ್ಲೇ ಇರುತ್ತವೆ. ಬಿರುಕು ಬಿಟ್ಟ ಮ್ಯಾನಿಫೋಲ್ಡಿಗೆ ಬದಲಿಯಾಗಿ ಬೇಕಾದರೆ ಶಾರ್ಟಿಯೇ ಸಾಕು. ಅದರಿಂದ ಎಂಜಿನ್ನಿಗೆ ಆನೆಬಲ ಬರುತ್ತದೆ ಅನ್ನುವವರ ಮಾತು ಕೇಳಬೇಡಿ.

ಕೊನೆಗೆ ನಿಂತದ್ದು 1¾ ಇಂಚಿನ ಲಾಂಗ್ ಟ್ಯೂಬಿಗೆ. 304 ಸ್ಟೇನ್‌ಲೆಸ್, 16 ಗೇಜ್ ಅಂದರೆ ಸುಮಾರು 1.6 ಮಿ.ಮೀ. ಗೋಡೆ, 3 ಇಂಚು ಕಲೆಕ್ಟರ್, ಹೆಡ್ಡಿಗೆ ಕೂರುವ ⅜ ಇಂಚು ದಪ್ಪದ ಫ್ಲಾಂಜ್ ಪಟ್ಟಿ, ಜೊತೆಗೆ ಕನ್ವರ್ಟರ್ ಇರುವ ಕನೆಕ್ಷನ್ ಪೈಪು. ಕನ್ವರ್ಟರ್ ಇಲ್ಲದ ಪೈಪು ಅಗ್ಗ, ಹಗುರ, ಬಹಳ ಕಡೆ ಕಾನೂನುಬಾಹಿರ. ಕುಟುಂಬ ಕೂರುವ ಗಾಡಿಗೆ ಆ ವಾಸನೆಯೂ ಬೇಡ. ಪೆಟ್ಟಿಗೆ ಬಿಚ್ಚಿದ ಕೂಡಲೇ ಮಾಡಬೇಕಾದ್ದು ಒಂದಿದೆ, ಯಾರೂ ಮಾಡುವುದಿಲ್ಲ: ಫ್ಲಾಂಜಿನ ಮೇಲೆ ನೇರ ಪಟ್ಟಿ ಇಟ್ಟು ಫೀಲರ್ ಗೇಜಿನ ತೆಳು ಉಕ್ಕಿನ ಎಲೆ ಹಾಕಿ ನೋಡುವುದು. ವೆಲ್ಡಿಂಗ್ ಬಿಸಿಗೆ ಫ್ಲಾಂಜ್ ಬಾಗಿರುವುದುಂಟು. 0.2 ಮಿ.ಮೀ. ಎಲೆ ಸಲೀಸಾಗಿ ನುಸುಳಿದರೆ ವಾಪಸ್ ಕಳಿಸಿ. ಬೋಲ್ಟ್ ಬಿಗಿದರೆ ನೇರವಾಗುತ್ತದೆ ಅನ್ನುವುದು ಇನ್ನೊಂದು ಬೋಲ್ಟ್ ಮುರಿಯುವ ದಾರಿ.

ಈಗ ಆ ಮೋಟು. ಮ್ಯಾನಿಫೋಲ್ಡ್ ಬಿಚ್ಚುವ ಹಿಂದಿನ ರಾತ್ರಿಯೇ ಎರಡೂ ಬದಿ ಸೇರಿ ಉಳಿದ ಹನ್ನೊಂದು ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಬೆಳಗ್ಗೆ ಮತ್ತೊಮ್ಮೆ ಹಾಕಿದ್ದು. ಒಂದೇ ಸಮ ಬಿಚ್ಚುವ ಹಾಗಿಲ್ಲ. ಕಾಲು ಸುತ್ತು ಸಡಿಲಿಸಿ, ಸ್ವಲ್ಪ ಬಿಗಿದು, ಮತ್ತೆ ಸಡಿಲಿಸಬೇಕು. ಹನ್ನೊಂದೂ ಬಂದವು. ಮುರಿದದ್ದು ಮಾತ್ರ ಹೆಡ್ಡಿನ ಮಟ್ಟದಿಂದ ಒಂದು ಮಿ.ಮೀ. ಒಳಗೆ ಕೂತಿತ್ತು, ಹಿಡಿಯಲು ಏನೂ ಇಲ್ಲ.

ಡ್ರಿಲ್ ಹಿಡಿದು ಮುನ್ನುಗ್ಗುವುದು ಕೊನೆಯ ದಾರಿ, ಮೊದಲನೆಯದಲ್ಲ. ಉಕ್ಕಿನ ಮೋಟಿಗಿಂತ ಸುತ್ತಲಿನ ಅಲ್ಯೂಮಿನಿಯಂ ಮೆದು. ಬಿಟ್ ಜಾರಿದರೆ ಹೋಗುವುದು ಅತ್ತಲೇ. ಮೊದಲು ವೆಲ್ಡಿಂಗ್. ಬ್ಯಾಟರಿ ಕಳಚಿ, ಎಂಜಿನ್ ಕಂಪ್ಯೂಟರಿನ ಕನೆಕ್ಟರುಗಳನ್ನೂ ಬಿಡಿಸಿ, ಅರ್ತ್ ಕ್ಲ್ಯಾಂಪನ್ನು ಅದೇ ಹೆಡ್ಡಿಗೆ ಹಾಕಬೇಕು. ಎಣ್ಣೆಯನ್ನು ವೈರ್ ಬ್ರಷ್ಷಿನಿಂದ, ಬಟ್ಟೆಯಿಂದ ತೆಗೆಯಬೇಕು. ಬ್ರೇಕ್ ಕ್ಲೀನರ್ ಬೇಡವೇ ಬೇಡ. ಕ್ಲೋರಿನ್ ಇರುವ ಬಗೆಯದ್ದಾದರೆ ವೆಲ್ಡಿಂಗ್ ಉರಿಗೆ ಫಾಸ್ಜೀನ್ ಎಂಬ ವಿಷಾನಿಲವಾಗುತ್ತದೆ. ಮೋಟಿನ ಮೇಲೆ ದಪ್ಪ ವಾಷರ್ ಇಟ್ಟು, ಮಿಗ್ ವೆಲ್ಡಿಂಗಿನಲ್ಲಿ ನಡುವಿನಿಂದ ತುಂಬಿಸುತ್ತ ಮೇಲೆ ಬಂದು, ಅದರ ಮೇಲೊಂದು ನಟ್ ಕೂರಿಸಿ ಅದನ್ನೂ ತುಂಬಿಸಿದ್ದು. ಉಕ್ಕಿನ ವೆಲ್ಡು ಅಲ್ಯೂಮಿನಿಯಮ್ಮಿಗೆ ಅಂಟುವುದಿಲ್ಲ, ಅದೇ ಧೈರ್ಯ. ಮೊದಲ ನಟ್ ಮುರಿದು ಕೈಗೆ ಬಂತು. ಎರಡನೆಯದೂ ಬಂತು. ಮಾಲೀಕರು ಹಿಂದೆ ನಿಂತು, “ನೋಡಿ, ನಾನು ಹೇಳಿದ್ನಲ್ಲ, ಐದು…” ಅಂತ ಶುರುಮಾಡಿದರು. ಮೂರನೆಯದಕ್ಕೆ ಕೆಂಪು ಆರುವವರೆಗೆ ಕಾದು, ಸ್ಪ್ಯಾನರ್ ಹಾಕಿ ಹಿಂದಕ್ಕೆ ಮುಂದಕ್ಕೆ ಕೂದಲೆಳೆಯಷ್ಟು ಅಲ್ಲಾಡಿಸಿದಾಗ ಒಂದು ಸಣ್ಣ ಕೀರಲು ದನಿ. ಕೆಲಸ ಮಾಡಿದ್ದು ಸ್ಪ್ಯಾನರಿನ ಬಲವಲ್ಲ. ಪ್ರತಿ ವೆಲ್ಡಿಗೂ ಮೋಟು ಕಾದು ಕುಗ್ಗಿ, ತೂತಿನ ತಿರುಪು ಎಳೆಗಳ ನಡುವಿನ ತುಕ್ಕನ್ನು ಪುಡಿಮಾಡಿತ್ತು.

ಆ ಎಳೆಗಳನ್ನು ಎಂ8 ಗುಣಿಸು 1.25ರ, ಅಂದರೆ 8 ಮಿ.ಮೀ. ಬೋಲ್ಟಿನ, 1.25 ಮಿ.ಮೀ. ಅಂತರದ ಎಳೆಗಳಿಗೆ ಹೊಂದುವ ಥ್ರೆಡ್ ಚೇಸರಿನಿಂದ ಶುಚಿ ಮಾಡಬೇಕು. ಕತ್ತರಿಸುವ ಟ್ಯಾಪ್ ಹಾಕಿದರೆ ಒಳ್ಳೆಯ ಲೋಹವೂ ಪುಡಿಯಾಗಿ ಬರುತ್ತದೆ.

ಹೆಡರ್ ಏರಿಸುವುದು ಇದರ ಮುಂದೆ ಸುಲಭ, ಇಕ್ಕಟ್ಟು ಮಾತ್ರ. ಸ್ಪಾರ್ಕ್ ಪ್ಲಗ್ ಎಲ್ಲ ಮೊದಲೇ ತೆಗೆದಿಡಬೇಕು, ಇಲ್ಲದಿದ್ದರೆ ಪಿಂಗಾಣಿ ಒಡೆಯುವುದು ಖಂಡಿತ. ಬಲಗಡೆ ಸ್ಟಾರ್ಟರ್ ಮೋಟಾರು ಮತ್ತು ಆಯಿಲ್ ಡಿಪ್‌ಸ್ಟಿಕ್ ಕೊಳವೆ ಅಡ್ಡ. ಸ್ಟೀರಿಂಗ್ ಎಡಕ್ಕಿದ್ದ ಗಾಡಿಯಾದ್ದರಿಂದ ಎಡಗಡೆ ಸ್ಟೀರಿಂಗ್ ಶಾಫ್ಟ್ ಅಡ್ಡ. ಅದನ್ನು ಬಿಡಿಸುವಾಗ ಗುರುತು ಹಾಕಿ, ಸ್ಟೀರಿಂಗ್ ಚಕ್ರ ತಿರುಗದಂತೆ ಕಟ್ಟಬೇಕು. ಚಕ್ರ ಸುಮ್ಮನೆ ಸುತ್ತಿದರೆ ಅದರೊಳಗಿನ ಸುರುಳಿ ತಂತಿ, ಅಂದರೆ ಏರ್‌ಬ್ಯಾಗಿನ ಕ್ಲಾಕ್‌ಸ್ಪ್ರಿಂಗ್ ಹರಿಯುತ್ತದೆ. ಪೈಪಿಗೂ ಶಾಫ್ಟಿಗೂ ಕನಿಷ್ಠ ಒಂದು ಬೆರಳು ಹಿಡಿಸಬೇಕು, ಎಂಜಿನ್ನು ತನ್ನ ಮೌಂಟಿನ ಮೇಲೆ ಓಲಾಡುತ್ತದೆ.

ಗ್ಯಾಸ್ಕೆಟ್ಟು ಬಹುಪದರ ಉಕ್ಕಿನದೇ ಇರಲಿ, ಪೆಟ್ಟಿಗೆಯಲ್ಲಿ ಬರುವ ಕಾಗದದಂಥದ್ದು ಬೇಡ. ಸಿಲಿಕೋನ್ ಬಳಿಯಬೇಡಿ, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರಿಗೆ ವಿಷ. ಆರೂ ಬೋಲ್ಟುಗಳನ್ನು ಕೈಯಲ್ಲೇ ಪೂರ್ತಿ ತಿರುಗಿಸಿ, ನಡುವಿನ ಎರಡರಿಂದ ಶುರುಮಾಡಿ ಹೊರಗಡೆಗೆ ಹೋಗುತ್ತ ಮೊದಲ ಸುತ್ತು 15 ನ್ಯೂಟನ್ ಮೀಟರ್, ಎರಡನೆಯದು 25. ಬೋಲ್ಟ್ ಉದ್ದವಾಗಿ ತಳ ಮುಟ್ಟಿದರೆ ಟಾರ್ಕ್ ರೆಂಚು ಕ್ಲಿಕ್ ಅನ್ನುತ್ತದೆ, ಗ್ಯಾಸ್ಕೆಟ್ ಮಾತ್ರ ಸಡಿಲವಾಗೇ ಇರುತ್ತದೆ. ಆದ್ದರಿಂದ ಮೊದಲೇ ಉದ್ದ ಅಳೆಯಿರಿ. ಸೆನ್ಸರಿನ ತಂತಿ ಹೊಸ ಜಾಗಕ್ಕೆ ಸಾಲುವುದಿಲ್ಲ, ಎಕ್ಸ್‌ಟೆನ್ಷನ್ ಬೇಕು. ಎಡ ಬಲದ ಕನೆಕ್ಟರ್ ಅದಲುಬದಲಾದರೆ ಕಂಪ್ಯೂಟರ್ ಒಂದು ಕಡೆಯ ತಪ್ಪಿಗೆ ಇನ್ನೊಂದು ಕಡೆಯನ್ನು ತಿದ್ದುತ್ತ ಹೋಗಿ, ಒಂದು ಬದಿಗೆ ಪೆಟ್ರೋಲ್ ಸುರಿದು ಇನ್ನೊಂದು ಬದಿಯನ್ನು ಉಪವಾಸ ಕೆಡವುತ್ತದೆ. ಸ್ಟಾರ್ಟ್ ಮಾಡುವ ಮುಂಚೆ ಪೈಪನ್ನೆಲ್ಲ ಆಲ್ಕೋಹಾಲಿನಿಂದ ಒರೆಸಿ. ಬೆರಳಚ್ಚು ಬಿಸಿಗೆ ಸುಟ್ಟು ಶಾಶ್ವತವಾಗಿ ಉಳಿಯುತ್ತದೆ.

ಸೋರಿಕೆ ನೋಡಲು ಎಂಜಿನ್ ಚಾಲೂ ಮಾಡಬೇಕಿಲ್ಲ. ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ಬಾಯನ್ನು ಸೈಲೆನ್ಸರಿಗೆ ಸಿಕ್ಕಿಸಿ, ಪ್ರತಿ ಜೋಡಣೆಗೆ ಸೋಪಿನ ನೀರು ಸಿಂಪಡಿಸಿ. ಎಡ ಕಲೆಕ್ಟರಿನಲ್ಲಿ ಒಂದು ಸಾಲು ಗುಳ್ಳೆ ಬಂತು, ಕ್ಲ್ಯಾಂಪ್ ಸಡಿಲಿಸಿ ನೇರ ಮಾಡಿದ ಮೇಲೆ ನಿಂತಿತು. ಎಂಟನೇ ಸಿಲಿಂಡರಿನ ಹಿಂದೆ ಗುಳ್ಳೆಯಿಲ್ಲ.

ಮಾರನೆಯ ಬೆಳಗ್ಗೆ ತಣ್ಣನೆಯ ಸ್ಟಾರ್ಟು. ಟಿಕ್ ಟಿಕ್ ಇಲ್ಲ, ಕೆಳಗಿನಿಂದ ಗಟ್ಟಿ ಗುಡುಗಿನಂಥ ದನಿ ಮಾತ್ರ. ಹೆದ್ದಾರಿಯಲ್ಲಿ ನಾಲ್ಕು ಸಿಲಿಂಡರ್ ಮಲಗಿದಾಗ ಅದೇ ದನಿ ಕ್ಯಾಬಿನ್ನಿನೊಳಗೆ ಗುಂಯ್‌ಗುಡುತ್ತದೆ ಅಂತ ಮೊದಲೇ ಹೇಳಿಯಾಗಿತ್ತು. ಅದಕ್ಕೂ ಅವರಿಗೆ ಖುಷಿಯೇ! ಹೊಸ ಗ್ಯಾಸ್ಕೆಟ್ಟು ಕೂತುಕೊಳ್ಳುವುದರಿಂದ ಮೊದಲ ಬಿಸಿ ಆರಿದ ಮೇಲೆ ಹನ್ನೆರಡನ್ನೂ ಮತ್ತೆ ನೋಡಬೇಕು. ನೋಡಿದಾಗ ಹಿಂದಿನದು ಮಾತ್ರ ಎಂಟನೇ ಒಂದು ಸುತ್ತು ತಿರುಗಿತು. ಇನ್ನೊಮ್ಮೆ 800 ಕಿಲೋಮೀಟರ್ ಆದ ಮೇಲೆ ಬರಲು ಹೇಳಿ ಕಳಿಸಿದ್ದು.

ನಿನ್ನೆ ಫೋನು. ಚಕ್ರ ಕಳಚಿ ಲೈನರ್ ಬಿಚ್ಚುವುದಕ್ಕೆ ಅರ್ಧ ದಿನ ಹೋಗುತ್ತಲ್ಲ, ಅಂತ ಪೀಠಿಕೆ. ಆಮೇಲೆ: “ಮುಂದುಗಡೆಯ ಐದಕ್ಕೆ ಮೇಲಿಂದಾನೇ ಕೈ ಹೋಗತ್ತಲ್ವಾ? ಅಷ್ಟು ಬಿಗಿದ್ರೆ ಸಾಲದಾ?”