ಬೋಟ್ ನಿಂತ ಮೇಲೆ

ಸಮುದ್ರದೊಳಗೆ ಹೋಗಿ ಗಾಳ ಹಾಕಬೇಕು ಎಂಬುದು ನನ್ನ ತಮ್ಮನ ಬಹಳ ದಿನದ ಆಸೆ. ವಿಷಯ ಕೇಳಿ ಚಿಕ್ಕಪ್ಪನೂ ಹೊರಟು ನಿಂತರು. ಆದರೆ ಇಬ್ಬರಿಗೂ ಬಸ್ಸಿನಲ್ಲಿ ನಾಲ್ಕು ತಿರುವು ಬಂದರೆ ಸಾಕು, ಹೊಟ್ಟೆ ತೊಳಸುತ್ತದೆ. ಹಾಗಾಗಿ ಗಾಳ, ದಾರ, ಕೊಕ್ಕೆಗಳ ಮಾತಿಗಿಂತ ಮೊದಲು ವಾಂತಿಯ ಮಾತು ಬಂತು.

ತಮ್ಮನಿಗೆ ವೈದ್ಯರು ಮೆಕ್ಲಿಜಿನ್ ಮಾತ್ರೆ ಬರೆದುಕೊಟ್ಟರು. ಬೋಟ್ ಹತ್ತುವ 1 ಗಂಟೆ ಮೊದಲೇ ಅದನ್ನು ನುಂಗಬೇಕು. ವಾಂತಿ ಶುರುವಾದ ಮೇಲೆ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲಬೇಕಲ್ಲ! ಅದನ್ನು ನುಂಗಿದರೆ ನಿದ್ದೆ ಬೇರೆ ಬರುತ್ತದೆ. ಎಷ್ಟು ಬರುತ್ತದೆ ಎಂದು ರಜೆಯ ದಿನ ಮನೆಯಲ್ಲೇ ಒಂದು ನುಂಗಿ ನೋಡು ಎಂದರು. ಜೊತೆಗೆ ಮದ್ಯ ಬೇಡವೇ ಬೇಡ ಎಂದರು. ಕಿವಿಯ ಹಿಂದೆ ಅಂಟಿಸುವ ಸ್ಕೋಪೋಲಮಿನ್ ಪಟ್ಟಿಯ ಬಗ್ಗೆಯೂ ಕೇಳಿದೆವು. ಹೊರಡುವ 4 ಗಂಟೆ ಮೊದಲಾದರೂ ಅಂಟಿಸಬೇಕಂತೆ, 3 ದಿನ ಕೆಲಸ ಮಾಡುತ್ತದಂತೆ. ಅಂಟಿಸಿದ ಕೈಯನ್ನು ಸೋಪು ಹಾಕಿ ತೊಳೆಯದೆ ಕಣ್ಣುಜ್ಜಿದರೆ ಪಾಪೆ ಹಿಗ್ಗಿ ದೃಷ್ಟಿ ಮಂಜಾಗುತ್ತದೆ.

ಚಿಕ್ಕಪ್ಪನ ವಿಷಯ ಬೇರೆ. ಅವರಿಗೆ ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇದೆ. ಕಣ್ಣಿನ ವೈದ್ಯರು ಪಟ್ಟಿಯೂ ಬೇಡ, ಮಾತ್ರೆಯೂ ಬೇಡ ಎಂದು ಖಡಾಖಂಡಿತವಾಗಿ ಹೇಳಿದರು. ಈ ಔಷಧಗಳು ಕೆಲವು ಬಗೆಯ ಗ್ಲಾಕೋಮಾದಲ್ಲಿ ಕಣ್ಣಿನ ಒತ್ತಡ ಏರಿಸಬಹುದು. ಪ್ರಾಸ್ಟೇಟ್ ತೊಂದರೆ ಇರುವವರೂ ಕೇಳದೆ ನುಂಗಬಾರದು. ಇನ್ನೊಬ್ಬರಿಗೆ ಬರೆದುಕೊಟ್ಟ ಮಾತ್ರೆಯನ್ನು ಬೋಟಿನಲ್ಲಿ ಹಂಚಿಕೊಂಡು ನುಂಗುವುದು ಬೇಡ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಚಿಕ್ಕಪ್ಪನ ಪಾಲಿಗೆ ಉಳಿದದ್ದು ಶುಂಠಿ, ಗಾಳಿ ಮತ್ತು ಕೂರುವ ಜಾಗ. ಶುಂಠಿಯನ್ನು ತಳ್ಳಿಹಾಕುವಂತಿಲ್ಲ. 1988ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಡೆನ್ಮಾರ್ಕಿನ ನೌಕಾ ಕೆಡೆಟ್‌ಗಳಿಗೆ 1 ಗ್ರಾಂ ಶುಂಠಿ ಪುಡಿ ಕೊಟ್ಟಾಗ ವಾಂತಿ ಮತ್ತು ತಣ್ಣನೆ ಬೆವರು ಕಡಿಮೆಯಾಗಿದ್ದವು.

ಹಿಂದಿನ ರಾತ್ರಿ ಬೇಗ ಮಲಗಿದೆವು. ನಿದ್ದೆಗೆಟ್ಟ ಮೈ ಅಲೆಗೆ ಬೇಗ ಸೋಲುತ್ತದೆ. ಬೆಳಿಗ್ಗೆ ಎಣ್ಣೆ, ಖಾರ ಇಲ್ಲದ ಸ್ವಲ್ಪ ತಿಂಡಿ. ಖಾಲಿ ಹೊಟ್ಟೆಯಲ್ಲಿ ಹೋದರೆ ವಾಂತಿ ಬರುವುದಿಲ್ಲ ಎಂದು ತಮ್ಮ ನಂಬಿದ್ದ. ಖಾಲಿ ಹೊಟ್ಟೆಯಲ್ಲಿ ವಾಕರಿಕೆ ತಪ್ಪುವುದಿಲ್ಲ, ಬರುವಾಗ ಬರೀ ಪಿತ್ತ ಬರುತ್ತದೆ, ಅಷ್ಟೇ. ಒತ್ತಾಯ ಮಾಡಿ ತಿನ್ನಿಸಿದೆ.

ಬೋಟ್ ಹತ್ತುತ್ತಲೇ ತಮ್ಮ ಅದರ ಮುಂತುದಿಗೆ ಹೋಗಿ ಕೂತ. ನೋಟ ಚೆನ್ನಾಗಿರುತ್ತದೆ, ನಿಜ. ಆದರೆ ಅಲೆ ಬಂದಾಗ ಜಾಸ್ತಿ ಏರಿ ಜಾಸ್ತಿ ಇಳಿಯುವುದೂ ಅದೇ ತುದಿ. "ತಮ್ಮಾ, ನಡುವಿಗೆ ಬಾ. ಅಲ್ಲಿ ಕುಣಿತ ಕಡಿಮೆ" ಎಂದು ಬೋಟ್ ನಡೆಸುವ ಅಣ್ಣ ಕರೆದರು. ಎಂಜಿನ್ ಹೊಗೆ ತಾಗದ ಕಡೆ ನೋಡಿ, ಮಧ್ಯದಲ್ಲಿ, ಮುಂದಕ್ಕೆ ಮುಖ ಮಾಡಿ ಎಲ್ಲರೂ ಕೂತೆವು.

ಹೋಗುವ ದಾರಿ ಆರಾಮವಾಗಿತ್ತು. ಮುಖಕ್ಕೆ ಗಾಳಿ, ಕಣ್ಣ ಮುಂದೆ ದಿಗಂತ. "ಇಷ್ಟೇನಾ? ಸುಮ್ನೆ ಹೆದರಿದೆವು ಅಲ್ವಾ?" ಎಂದ ತಮ್ಮ. ಚಿಕ್ಕಪ್ಪ ಮಾತಾಡಲಿಲ್ಲ. ಗೆರೆಯಂತೆ ಕಾಣುವ ನೀರಿನ ಅಂಚಿನಿಂದ ಅವರು ಕಣ್ಣೇ ತೆಗೆದಿರಲಿಲ್ಲ.

ಮೀನು ಹಿಡಿಯಲು ಹೋಗುವವರು ಮುಖ್ಯವಾಗಿ ತಿಳಿಯಬೇಕಾದದ್ದು ಮುಂದೆ ಬಂತು. ಎಂಜಿನ್ ನಿಂತಿತು. ಸಾಗುವ ಬೋಟ್ ಅಲೆಯನ್ನು ಸೀಳಿಕೊಂಡು ಹೋಗುತ್ತದೆ. ನಿಂತ ಬೋಟ್ ಅಲೆಗೆ ಮಗ್ಗುಲು ಕೊಟ್ಟು ತೊಟ್ಟಿಲಿನಂತೆ ತೂಗತೊಡಗುತ್ತದೆ. ಸುಮಾರು 5 ಸೆಕೆಂಡಿಗೊಮ್ಮೆ ಏರಿ ಇಳಿಯುವ ನಿಧಾನದ ಚಲನೆಯೇ ಮನುಷ್ಯನ ಹೊಟ್ಟೆಯನ್ನು ಹೆಚ್ಚು ಕೆಡಿಸುತ್ತದೆ. ಮುಖಕ್ಕೆ ಹೊಡೆಯುತ್ತಿದ್ದ ಗಾಳಿಯೂ ಇಲ್ಲ. ಎರೆಯ ಡಬ್ಬಿ ತೆರೆದೊಡನೆ ವಾಸನೆ. ಅದೇ ಹೊತ್ತಿಗೆ ಎಲ್ಲರೂ ತಲೆ ಬಗ್ಗಿಸಿ ಕೊಕ್ಕೆ ಕಟ್ಟಲು ಕೂರುತ್ತಾರೆ.

ತಲೆ ಬಗ್ಗಿಸುವುದೇ ಕಷ್ಟದ ಮೂಲ. ಒಳಕಿವಿಯಲ್ಲಿ ನಮ್ಮ ಚಲನೆಯನ್ನು ಅಳೆಯುವ ಅಂಗವಿದೆ. ಮೈ ಏರುತ್ತಿದೆ, ವಾಲುತ್ತಿದೆ ಎಂದು ಅದು ಮಿದುಳಿಗೆ ಹೇಳುತ್ತಲೇ ಇರುತ್ತದೆ. ಕಣ್ಣಿಗೆ ಕಾಣುವುದು ಮಾತ್ರ ಕೈಯಲ್ಲಿರುವ ದಾರ ಮತ್ತು ಬೋಟಿನ ನೆಲ. ಅವು ನಮ್ಮ ಜೊತೆಗೇ ಅಲುಗುವುದರಿಂದ ಎಲ್ಲವೂ ನಿಂತಿದೆ ಎಂದು ಕಣ್ಣು ಹೇಳುತ್ತದೆ. ಈ ಎರಡು ಸುದ್ದಿ ತಾಳೆಯಾಗದಿದ್ದಾಗ ಹೊಟ್ಟೆ ತಿರುಗುತ್ತದೆ. ದಿಗಂತ ನೋಡಿದಾಗ ಮೈ ಅಲುಗುವುದು ಕಣ್ಣಿಗೂ ಗೊತ್ತಾಗುತ್ತದೆ. ಒಳಕಿವಿಯ ಈ ಭಾಗ ಸ್ವಲ್ಪವೂ ಕೆಲಸ ಮಾಡದವರಿಗೆ ಎಂಥ ಅಲೆಯಲ್ಲೂ ಈ ಕಾಯಿಲೆ ಬರುವುದಿಲ್ಲ.

ತಮ್ಮ ಎರಡನೇ ಕೊಕ್ಕೆ ಕಟ್ಟುತ್ತಿದ್ದ. ಒಂದು ಆಕಳಿಕೆ ಬಂತು. ಮತ್ತೊಂದು ಬಂತು. ಮಾತು ನಿಂತಿತು. ಉಗುಳು ನುಂಗುತ್ತಿದ್ದ, ಹಣೆಯಲ್ಲಿ ಬೆವರು, ಮುಖ ಬಿಳಿಚಿತ್ತು. ವಾಂತಿಗೆ ಮೊದಲು ಮೈ ಕೊಡುವ ಸೂಚನೆಗಳಿವು. ಪಕ್ಕದವರು ಇಲ್ಲಿಯೇ ಎಚ್ಚೆತ್ತುಕೊಂಡರೆ ಎಷ್ಟೋ ಸಲ ತಡೆಯಬಹುದು. ಅವನ ಕೈಯಿಂದ ಕೊಕ್ಕೆ ತೆಗೆದುಕೊಂಡು, ಎದ್ದು ನಿಂತು ದೂರ ನೋಡು ಎಂದೆ. ತಡವಾಗಿತ್ತು. ಒಳಗಿನ ಶೌಚಾಲಯದ ಕಡೆ ಓಡಲು ನೋಡಿದ. ಬೋಟಿನ ಅಣ್ಣ ತಡೆದರು. ಇಕ್ಕಟ್ಟಾದ, ಕಿಟಕಿಯಿಲ್ಲದ ಆ ಗೂಡಿನಲ್ಲಿ ಕಷ್ಟ ಇಮ್ಮಡಿಯಾಗುತ್ತದೆ. ಅಂಚಿನಿಂದ ಹೊರಗೆ ಬಾಗುವುದೂ ಬೇಡ ಎಂದರು. ತಲೆ ಸುತ್ತುವವನು ನೀರಿಗೆ ಬಿದ್ದರೆ? ಗಾಳಿ ನಮ್ಮಿಂದ ಆಚೆಗೆ ಬೀಸುವ ಬದಿಯಲ್ಲಿ ಕೂರಿಸಿ ಬಕೆಟ್ ಕೊಟ್ಟರು. ನಾನು ಲೈಫ್ ಜಾಕೆಟ್ ಹಿಡಿದುಕೊಂಡೆ.

ವಾಂತಿಯಾದ ಮೇಲೆ ಬಾಯಿ ತೊಳೆಸಿ, ಒಆರ್‌ಎಸ್ ನೀರನ್ನು ಗುಟುಕು ಗುಟುಕಾಗಿ ಕುಡಿಸಿದೆವು. ಒಮ್ಮೆಲೇ ಲೋಟ ಖಾಲಿ ಮಾಡಿದರೆ ಅದೂ ಹೊರಗೆ ಬರುತ್ತದೆ. ಆಮೇಲೆ ನಡುವಿನ ಹಲಗೆಯ ಮೇಲೆ ಕಣ್ಣು ಮುಚ್ಚಿ ಅಂಗಾತ ಮಲಗಿದ. "ನಾನೊಬ್ಬನೇ ಹೀಗೆ" ಎಂದು ನಾಚಿಕೊಂಡ. ಅಯ್ಯೋ, ಇದರಲ್ಲಿ ನಾಚಿಕೆ ಏನು? ಚಾರ್ಲ್ಸ್ ಡಾರ್ವಿನ್ 1831ರಿಂದ 1836ರವರೆಗೆ ಬೀಗಲ್ ಹಡಗಿನಲ್ಲಿ ಲೋಕ ಸುತ್ತಿದಾಗ ಈ ಕಾಯಿಲೆ ಅವರನ್ನು ಬಿಡಲೇ ಇಲ್ಲ. ಇಂಗ್ಲೆಂಡಿನ ನೌಕಾ ಸೇನಾನಿ ನೆಲ್ಸನ್ ಕೂಡ ಜೋರು ಗಾಳಿಯಲ್ಲಿ ನರಳುತ್ತಿದ್ದರು. ಧೈರ್ಯಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಸ್ವಲ್ಪ ಹೊತ್ತಿಗೆ ಜಾಗ ಬದಲಿಸಲು ಬೋಟ್ ಮತ್ತೆ ಹೊರಟಿತು. ಆಗ ಅಣ್ಣ ನನ್ನ ತಮ್ಮನನ್ನು ಕರೆದು ಚುಕ್ಕಾಣಿಯ ಚಕ್ರ ಹಿಡಿಸಿದರು, ತಾವು ಪಕ್ಕದಲ್ಲೇ ನಿಂತರು. "ನಡೆಸುವವನಿಗೆ ಬರುವುದು ಕಡಿಮೆ. ಬರುವ ಅಲೆ ಅವನಿಗೆ ಮೊದಲೇ ಕಾಣುತ್ತದಲ್ಲ?" ಎಂದರು. ಅವನ ಮುಖಕ್ಕೆ ಬಣ್ಣ ವಾಪಸ್ ಬಂದದ್ದನ್ನು ನೋಡಿ ನನಗೆ ಎಷ್ಟು ಸಮಾಧಾನವಾಯಿತೋ! ಮಾತ್ರೆಗಿಂತ ಆ ಚಕ್ರವೇ ಅವನನ್ನು ಎಬ್ಬಿಸಿತು ಎಂದು ನನ್ನ ನಂಬಿಕೆ.

ಚಿಕ್ಕಪ್ಪನಿಗೆ ಕೊನೆಯವರೆಗೂ ವಾಂತಿ ಆಗಲಿಲ್ಲ. ಅವರು ನಿಂತೇ ಗಾಳ ಹಾಕಿದರು, ಮೊಣಕಾಲು ಸಡಿಲ ಬಿಟ್ಟು ಬೋಟಿನ ಜೊತೆ ತೂಗಿದರು, ಒಮ್ಮೆಯೂ ಕೆಳಗೆ ನೋಡಲಿಲ್ಲ. ಕೊಕ್ಕೆ ಕಟ್ಟುವ, ಎರೆ ಸಿಕ್ಕಿಸುವ ಕೆಲಸ ನನ್ನದಾಗಿತ್ತು. ಮೂರು ಮೀನು ಹಿಡಿದರು.

ದಡ ಸೇರಿದ ಮೇಲೆ ಇಬ್ಬರಿಗೂ ನೆಲ ತೂಗುತ್ತಿತ್ತು. ರಾತ್ರಿ ಹಾಸಿಗೆಯೂ ತೂಗಿತಂತೆ. ಅಲೆಗೆ ಹೊಂದಿಕೊಂಡ ಮಿದುಳು ನೆಲಕ್ಕೆ ಮರಳಲು ಸ್ವಲ್ಪ ಸಮಯ ಬೇಕು. ಮರುದಿನಕ್ಕೆ ಸರಿಹೋಯಿತು. ದಿನಗಟ್ಟಲೆ ಹಾಗೇ ಇದ್ದರೆ ವೈದ್ಯರಿಗೆ ತೋರಿಸಬೇಕು.

ಮತ್ತೆ ಹೋಗುವುದೆಂದು ತೀರ್ಮಾನವಾಗಿದೆ. ಈ ಸಲ ಗಾಳಿ, ಅಲೆಯ ಮುನ್ಸೂಚನೆ ನೋಡಿಯೇ ದಿನ ಗೊತ್ತುಮಾಡುತ್ತೇವೆ, ಅರ್ಧ ದಿನ ಮಾತ್ರ ಇರುತ್ತೇವೆ. ತಮ್ಮ ಕೊಕ್ಕೆಗಳನ್ನೆಲ್ಲ ಮನೆಯಲ್ಲೇ ಕಟ್ಟಿ ಡಬ್ಬಿಗೆ ತುಂಬುತ್ತಿದ್ದಾನೆ.